ಹವಾ ಬದಲಾವಣೆಗೆ ಯಾವ ಊರು? 1875ರ ಲಂಡನ್ನಿನ ಕ್ಷಯರೋಗಿಗೆ ಒಂದು ಹೋಲಿಕೆ

ಇಂಗ್ಲಿಷ್ ಕವಿ ಜಾನ್ ಕೀಟ್ಸ್ ಕ್ಷಯದಿಂದ ರೋಮಿನಲ್ಲಿ ತೀರಿಕೊಂಡ ಕಥೆ ಓದಿದವರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ: ರೋಮಿನ ಬದಲು ಮದೀರಾ ದ್ವೀಪಕ್ಕೆ ಹೋಗಿದ್ದರೆ ಅವನು ಉಳಿಯುತ್ತಿದ್ದನೇ? ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ಬದುಕು ಓದಿದವರದು ಇನ್ನೊಂದು ಪ್ರಶ್ನೆ: ಮೊದಲು ಫ್ರಾನ್ಸಿನ ರಿವಿಯೆರಾ ಕರಾವಳಿಯ ಬಿಸಿಲಿನ ಮೆಂಟೋನಿಗೆ, ಏಳು ವರ್ಷದ ನಂತರ ಸ್ವಿಟ್ಜರ್ಲೆಂಡಿನ ಹಿಮದ ದಾವೋಸಿಗೆ ಕಳುಹಿಸಿದರಲ್ಲ, ಯಾವ ವೈದ್ಯರ ಮಾತು ಸರಿ? ಅಜ್ಜನನ್ನೋ ದೊಡ್ಡಮ್ಮನನ್ನೋ ಮದನಪಲ್ಲಿಯ ಸ್ಯಾನಟೋರಿಯಂಗೆ, ಅಂದರೆ ಕ್ಷಯರೋಗಿಗಳ ಆಸ್ಪತ್ರೆಗೆ, ಕಳುಹಿಸಿದ ನೆನಪು ಉಳಿದಿರುವ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ಊರು ಬದಲಿಸಿದರೆ ರೋಗ ಹೋಗುತ್ತದೆ ಎಂಬ ನಂಬಿಕೆಗೆ ಜನ ಹೊಲ ಮಾರಿದ್ದಾರೆ, ಸಾಲ ಮಾಡಿದ್ದಾರೆ.

ಹಾಗಾಗಿ ಈ ಪ್ರಶ್ನೆಯನ್ನು ಸುಮ್ಮನೆ ತೇಲಿಸದೆ, ನಿಜವಾಗಿ ಆಯ್ಕೆ ಮಾಡಬೇಕಾದವರ ಜಾಗದಲ್ಲಿ ನಿಂತು ನೋಡೋಣ. 1875ರ ಅಕ್ಟೋಬರ್, ಲಂಡನ್. ಮನೆಯಲ್ಲಿ ಒಬ್ಬರಿಗೆ ಕೆಮ್ಮು ಬಿಡುತ್ತಿಲ್ಲ, ಸಂಜೆಯಾದರೆ ಜ್ವರ, ಒಮ್ಮೆ ಕಫದಲ್ಲಿ ರಕ್ತ ಕಾಣಿಸಿದೆ. ಚಳಿಗಾಲಕ್ಕೆ ಮುಂಚೆ ದಕ್ಷಿಣಕ್ಕೆ ಹೋಗಿ ಎಂದು ವೈದ್ಯರು ಹೇಳಿದ್ದಾರೆ. ನಾನು 1875ನ್ನೇ ಆರಿಸಿದ್ದಕ್ಕೆ ಕಾರಣವಿದೆ. ಮೆಂಟೋನಿಗೆ ರೈಲು ಬಂದು ಆರು ವರ್ಷವಾಗಿದೆ, ಮದೀರಾಕ್ಕೆ ಉಗಿಹಡಗುಗಳು ಓಡುತ್ತಿವೆ, ನೈಲ್ ನದಿಯಲ್ಲಿ ಪ್ರವಾಸಿ ದೋಣಿಗಳಿವೆ, ದಾವೋಸ್ ಆಗಲೇ ಹೆಸರು ಮಾಡುತ್ತಿದೆ. ಎಲ್ಲ ಬಾಗಿಲುಗಳೂ ಒಟ್ಟಿಗೆ ತೆರೆದಿದ್ದ ಕಾಲ ಅದು. ಆದರೆ ಕ್ಷಯಕ್ಕೆ ಕಾರಣ ಒಂದು ರೋಗಾಣು ಎಂದು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಸಾರಿದ್ದು 1882ರ ಮಾರ್ಚ್ 24ರಂದು. ನಮ್ಮ ವೈದ್ಯರಿಗೆ ಅದಿನ್ನೂ ಗೊತ್ತಿಲ್ಲ.

ಅಳೆಯುವುದು ಯಾವುದರಿಂದ?

ಆ ಕಾಲದ ವೈದ್ಯರು ಮುಖ್ಯವಾಗಿ ಹವೆಯ ಮೂರು ಗುಣಗಳನ್ನು ನೋಡುತ್ತಿದ್ದರು. ಹಗಲು ರಾತ್ರಿಗಳ ನಡುವೆ ಉಷ್ಣಾಂಶ ಎಷ್ಟು ಸಮನಾಗಿದೆ, ಗಾಳಿಯಲ್ಲಿ ತೇವವಿದೆಯೇ ಇಲ್ಲವೇ, ಬಿರುಗಾಳಿಗೆ ಬೆಟ್ಟದ ತಡೆಯಿದೆಯೇ. ಒಣ ಕೆಮ್ಮಿಗೆ ತೇವದ ಹವೆ ಶಮನಕಾರಿ, ಕಫ ತುಂಬಿದ ಎದೆಗೆ ಒಣ ಹವೆ ಉತ್ತೇಜಕ ಎಂಬುದು ಅವರ ಲೆಕ್ಕ. ಮುಂದೆ ವಿಕ್ಟೋರಿಯಾ ರಾಣಿಯ ವೈದ್ಯನಾದ ಜೇಮ್ಸ್ ಕ್ಲಾರ್ಕ್ 1829ರಲ್ಲಿ ಬರೆದ ಗ್ರಂಥ ಊರೂರಿನ ಹವೆಯನ್ನು ಹೀಗೆಯೇ ವಿಂಗಡಿಸಿತ್ತು. ಅದೇ ಗ್ರಂಥದಲ್ಲಿ ಆತ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದ. ರೋಗ ಬಲಿತವರನ್ನು ದೂರದೇಶಕ್ಕೆ ಅಟ್ಟುವುದು ಅವರನ್ನು ಹಿಂಸಿಸಿದಂತೆ. ಹವಾ ಬದಲಾವಣೆ ಏನಾದರೂ ಮಾಡುವುದಿದ್ದರೆ ರೋಗದ ಆರಂಭದಲ್ಲಿ ಮಾತ್ರ. ದುರದೃಷ್ಟವೆಂದರೆ ಜನ ಆ ಗ್ರಂಥದಿಂದ ಊರುಗಳ ಪಟ್ಟಿಯನ್ನು ತೆಗೆದುಕೊಂಡರು, ಎಚ್ಚರಿಕೆಯನ್ನು ಬಿಟ್ಟರು.

ಇವುಗಳ ಜೊತೆಗೆ ನಾನು ಇನ್ನು ಕೆಲವನ್ನು ಸೇರಿಸುತ್ತೇನೆ. ದಾರಿ ಎಷ್ಟು ದಿನದ್ದು ಮತ್ತು ಎಷ್ಟು ಕಷ್ಟದ್ದು? ಜೊತೆಗೆ ಯಾರು ಹೋಗುತ್ತಾರೆ? ಕೆಟ್ಟ ಸುದ್ದಿ ಬಂದರೆ ಮನೆಯವರು ತಲುಪುವಷ್ಟು ಹತ್ತಿರವೇ? ಹಣದ ಲೆಕ್ಕ ಹಾಕುವಾಗ ಟಿಕೆಟ್ಟಿನ ಬೆಲೆ ನೋಡಿದರೆ ಸಾಲದು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಬಾಡಿಗೆ, ಊಟ, ಆಳು, ವೈದ್ಯ, ಅದೂ ಒಂದು ವರ್ಷವಲ್ಲ, ಪ್ರತಿ ಚಳಿಗಾಲಕ್ಕೂ. ಆ ಊರಿನ ಕಾನೂನನ್ನೂ ನೋಡಬೇಕು. ಇಂಗ್ಲೆಂಡಿನ ವೈದ್ಯರು ಕ್ಷಯವನ್ನು ಬಹುಮಟ್ಟಿಗೆ ವಂಶಪಾರಂಪರ್ಯದ ರೋಗವೆಂದು ತಿಳಿದಿದ್ದರು. ದಕ್ಷಿಣ ಯುರೋಪಿನ ಜನ ಅಂಟುರೋಗವೆಂದು ನಂಬಿದ್ದರು, ಮತ್ತು ಅವರೇ ಸರಿ. ಸ್ಪೇನಿನಲ್ಲಿ 1751ರಿಂದ, ನೇಪಲ್ಸ್‌ನಲ್ಲಿ 1782ರಿಂದ, ಕ್ಷಯರೋಗಿಯ ಹಾಸಿಗೆ ಬಟ್ಟೆಗಳ ಬಗ್ಗೆ ಕಟ್ಟುನಿಟ್ಟಿನ ಆಜ್ಞೆಗಳಿದ್ದವು.

ಇಷ್ಟೆಲ್ಲ ಇದ್ದರೂ ಅತಿ ಮುಖ್ಯವಾದ ಅಳತೆಗೋಲು 1875ರಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಅದು ಸಿಕ್ಕಿದ್ದು ಸುಮಾರು ನೂರು ವರ್ಷದ ನಂತರ, ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಆ ಹಳ್ಳಿಗಳ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿತು. ಸಂಘಟಿತ ಚಿಕಿತ್ಸಾ ವ್ಯವಸ್ಥೆ ಇನ್ನೂ ತಲುಪದಿದ್ದ ಕಾಲ. ಮೊದಲ ಸಲ ಕಫದಲ್ಲಿ ರೋಗಾಣು ಕಂಡವರು ಐದು ವರ್ಷದ ನಂತರ ಏನಾಗಿದ್ದರು? ಸುಮಾರು ಅರ್ಧದಷ್ಟು ಜನ ಸತ್ತಿದ್ದರು. ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಕಡಿಮೆ ಜನರಲ್ಲಿ ರೋಗ ಹಾಗೆಯೇ ಇತ್ತು. ಉಳಿದವರು, ಅಂದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು, ಗುಣವಾಗಿದ್ದರು.

ಈ ಮೂರನೆಯ ಒಂದು ಪಾಲನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸ್ಪಷ್ಟವಾಗುತ್ತದೆ. ಹಳ್ಳಿಯ ಮನೆ ಬಿಟ್ಟು ಎಲ್ಲಿಗೂ ಹೋಗದ ಕ್ಷಯರೋಗಿಗಳಲ್ಲೂ ಇಷ್ಟು ಜನ ಚೇತರಿಸಿಕೊಳ್ಳುತ್ತಾರೆ. ನೂರು ರೋಗಿಗಳನ್ನು ಯಾವ ಊರಿಗೆ ಕಳುಹಿಸಿದರೂ ಕೆಲವು ಡಜನ್ ಜನ ಗುಣವಾಗಿ ಹಿಂತಿರುಗಿ ಆ ಊರನ್ನು ಹೊಗಳುತ್ತಾರೆ. ಸತ್ತವರು ಪುಸ್ತಕ ಬರೆಯುವುದಿಲ್ಲ.

ಮದೀರಾ

ಸಮನಾದ ಹವೆಯೇ ಬೇಕೆಂದರೆ ಮದೀರಾವನ್ನು ಮೀರಿಸುವ ಜಾಗವಿಲ್ಲ. ಅಟ್ಲಾಂಟಿಕ್ ಸಾಗರದ ಈ ಪೋರ್ಚುಗೀಸ್ ದ್ವೀಪದ ಫುಂಚಾಲ್ ಪಟ್ಟಣದಲ್ಲಿ ಜನವರಿಯ ಸರಾಸರಿ ಉಷ್ಣಾಂಶವೂ 16 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹಗಲಿಗೂ ರಾತ್ರಿಗೂ ದೊಡ್ಡ ಅಂತರವಿಲ್ಲ. ಗಾಳಿಯಲ್ಲಿ ತೇವವಿದೆ, ಒಣ ಕೆಮ್ಮಿನವರಿಗೆ ಹಿತ. ದ್ರಾಕ್ಷಾರಸದ ವ್ಯಾಪಾರಕ್ಕೆ ಬಂದು ನೆಲೆಸಿದ ಇಂಗ್ಲಿಷರು ಇರುವುದರಿಂದ ಭಾಷೆ ಬಲ್ಲ ವೈದ್ಯರೂ ಇಂಗ್ಲಿಷ್ ಚರ್ಚೂ ಸಿಗುತ್ತವೆ.

ತೊಂದರೆಗಳು ನಂತರ ಬರುತ್ತವೆ. ಸೌತಾಂಪ್ಟನ್ನಿನಿಂದ ಸುಮಾರು ಒಂದು ವಾರದ ಹಡಗು, ಮೊದಲ ಮೂರು ದಿನ ಬಿಸ್ಕೆ ಕೊಲ್ಲಿಯ ಅಲೆಗಳು. ಫುಂಚಾಲಿನಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ. ರೋಗಿಯನ್ನು ದೋಣಿಗೆ ಇಳಿಸಿ ಕಲ್ಲಿನ ತೀರಕ್ಕೆ ತರಬೇಕು. ಊರು ಕಡಿದಾದ ಏರಿನಲ್ಲಿದೆ, ರೋಗಿಗಳು ಇಬ್ಬರು ಹೊರುವ ಜೋಲಿಯಲ್ಲಿ ಓಡಾಡುತ್ತಾರೆ. ನಡೆದಾಡಿ ಹಸಿವು ತಂದುಕೊಳ್ಳಬೇಕು ಎನ್ನುವವರಿಗೆ ಇದು ಸರಿಯಾದ ಊರಲ್ಲ. ಇನ್ನು ಒಂಟಿತನ. ಹಡಗು ಬಂದಾಗಲೇ ಪತ್ರ.

ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಸಬೆತ್ 1860ರ ಚಳಿಗಾಲವನ್ನು ಇಲ್ಲಿ ಕಳೆದು ಚೇತರಿಸಿಕೊಂಡಳು. ವಿಯೆನ್ನಾಕ್ಕೆ ಮರಳಿದ ಕೆಲವೇ ದಿನಗಳಲ್ಲಿ ಕೆಮ್ಮು ಮತ್ತೆ ಶುರುವಾಯಿತು. ಬ್ರೆಜಿಲ್ ರಾಜಮನೆತನದ ಮರಿಯಾ ಅಮೇಲಿಯಾ 1852ರಲ್ಲಿ ತಾಯಿಯೊಂದಿಗೆ ಬಂದು ಮರುವರ್ಷದ ಫೆಬ್ರವರಿಯಲ್ಲಿ ಇಲ್ಲೇ ತೀರಿಕೊಂಡಳು. ಮಗಳ ಹೆಸರಿನಲ್ಲಿ ತಾಯಿ ಕ್ಷಯರೋಗಿಗಳಿಗೆಂದು ಆಸ್ಪತ್ರೆ ಕಟ್ಟಿಸಿದಳು. ರಾಜಕುಮಾರಿಯರ ಕಥೆಗಳಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ಒಂದು ಸಾಧಾರಣ ಪ್ರಯೋಗಕ್ಕೆ. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆ 1865ರಲ್ಲಿ ತನ್ನ 20 ರೋಗಿಗಳನ್ನು ಆರಿಸಿ ಚಳಿಗಾಲಕ್ಕೆ ಮದೀರಾಕ್ಕೆ ಕಳುಹಿಸಿ, ಮರಳಿದ ಮೇಲೆ ಪರೀಕ್ಷಿಸಿತು. ಫಲಿತಾಂಶ ನಿರಾಸೆಯದು. ಹತ್ತು ವರ್ಷದ ಹಿಂದಿನ ಈ ಫಲಿತಾಂಶ ಗೊತ್ತಿದ್ದೂ 1875ರಲ್ಲಿ ಮದೀರಾ ಎನ್ನುವ ವೈದ್ಯರನ್ನು ನಾನಾದರೆ ಎರಡನೆಯ ಸಲ ಪ್ರಶ್ನಿಸುತ್ತಿದ್ದೆ.

ಮೆಂಟೋನ್ ಮತ್ತು ರಿವಿಯೆರಾ

ಜೇಮ್ಸ್ ಹೆನ್ರಿ ಬೆನೆಟ್ ಎಂಬ ಲಂಡನ್ನಿನ ವೈದ್ಯ ಸ್ವತಃ ಕ್ಷಯಕ್ಕೆ ತುತ್ತಾಗಿ, ಶಾಂತವಾಗಿ ಸಾಯಲು ಒಂದು ಮೂಲೆ ಹುಡುಕಿಕೊಂಡು 1859ರಲ್ಲಿ ಮೆಂಟೋನಿಗೆ ಬಂದ. ಸಾಯಲಿಲ್ಲ. ಚೇತರಿಸಿಕೊಂಡು, ಚಳಿಗಾಲಗಳಲ್ಲಿ ಅಲ್ಲೇ ವೈದ್ಯವೃತ್ತಿ ಹಿಡಿದು, 1891ರವರೆಗೆ ಬದುಕಿದ. 1861ರಲ್ಲಿ ಅವನು ಬರೆದ ಪುಸ್ತಕದ ನಂತರ ಅಷ್ಟೇನೂ ಹೆಸರಿಲ್ಲದ ಈ ಊರು ರೋಗಿಗಳಿಂದ ತುಂಬಿತು.

ಊರಿನ ಬೆನ್ನಿಗೆ ಎತ್ತರದ ಬೆಟ್ಟಗಳಿವೆ, ಎದುರಿಗೆ ಮೆಡಿಟರೇನಿಯನ್ ಸಮುದ್ರ. ಉತ್ತರದ ಶೀತಗಾಳಿ ಒಳಗೆ ಬರುವುದಿಲ್ಲ. ಬೆನೆಟ್ ಕೊಟ್ಟ ಸಾಕ್ಷಿ ನನಗೆ ತುಂಬ ಇಷ್ಟ: ಇಲ್ಲಿನ ನಿಂಬೆತೋಟಗಳನ್ನು ನೋಡಿ ಎಂದ ಅವನು. ನಿಂಬೆ ಗಿಡ ಕಿತ್ತಳೆಗಿಂತ ಬೇಗ ಹಿಮಕ್ಕೆ ಸಾಯುತ್ತದೆ. ಅದು ಬಯಲಿನಲ್ಲಿ ಚಳಿಗಾಲ ಕಳೆಯುವ ಜಾಗದಲ್ಲಿ ಥರ್ಮಾಮೀಟರಿನ ಅಂಕಿಗಳನ್ನು ಅನುಮಾನಿಸಬೇಕಿಲ್ಲ. ಹವೆ ಒಣದು, ಬಿಸಿಲು ಧಾರಾಳ. ಕಿಟಕಿ ತೆರೆದಿಡಿ, ಹೊರಗೆ ಕುಳಿತುಕೊಳ್ಳಿ, ಚೆನ್ನಾಗಿ ಉಣ್ಣಿ ಎಂದು ಬೆನೆಟ್ ಒತ್ತಾಯಿಸುತ್ತಿದ್ದ. ಕಿಟಕಿ ಬಿಗಿದು, ರಕ್ತ ತೆಗೆದು, ಗಂಜಿ ಕುಡಿಸುತ್ತಿದ್ದ ಹಳೆಯ ವೈದ್ಯರಿಗೆ ಹೋಲಿಸಿದರೆ ಈ ಮಾತೇ ಅವನ ನಿಜವಾದ ಔಷಧ. ಅದನ್ನು ಯಾವ ಊರಿನಲ್ಲಾದರೂ ಪಾಲಿಸಬಹುದಿತ್ತು.

ಕೊರತೆಯೂ ಇದೆ. ಬಿಸಿಲಿಗೂ ನೆರಳಿಗೂ ಅಜಗಜಾಂತರ, ಸೂರ್ಯ ಮುಳುಗುತ್ತಲೇ ಚಳಿ ಇಳಿಯುತ್ತದೆ. ಸಂಜೆಗೆ ಮುಂಚೆ ಮನೆ ಸೇರದವರಿಗೆ ಕಷ್ಟ. ಹೆಸರು ಬಂದಂತೆ ಬಾಡಿಗೆ ಏರಿದೆ. ಊಟದ ಮೇಜಿನ ಸುತ್ತಲೂ ಕೆಮ್ಮುವವರೇ; ಎಳೆಯ ರೋಗಿಗಳ ಮನಸ್ಸು ಕುಗ್ಗುತ್ತದೆ. 1873ರಲ್ಲಿ ಸ್ಟೀವನ್‌ಸನ್ ಬಂದಾಗ ಅವನಿಗೆ ಇಪ್ಪತ್ಮೂರು ವರ್ಷ, ಒಬ್ಬನೇ ಬಂದಿದ್ದ. ತಾಯಿ ಜೊತೆಗೆ ಹೋಗಬಾರದು ಎಂದು ವೈದ್ಯನೇ ಹೇಳಿದ್ದ. ಸುತ್ತಲ ಚೆಲುವು ಕಣ್ಣಿಗೆ ಬೀಳುತ್ತದೆ, ಮನಸ್ಸಿಗೆ ತಾಕುವುದಿಲ್ಲ ಎಂಬ ರೋಗಿಯ ಮಂಕನ್ನು ಅವನು ಮರುವರ್ಷದ ಪ್ರಬಂಧದಲ್ಲಿ ಬಿಡಿಸಿಟ್ಟ.

ಇನ್ನೊಂದು ಬೆಲೆಯನ್ನು ಆ ಕಾಲದ ಮಾರ್ಗದರ್ಶಿಗಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೋಟೆಲಿನ ಕೋಣೆ ಗುಡಿಸಿದ, ರೋಗಿಗಳ ಕರವಸ್ತ್ರ ಒಗೆದ ಆ ಊರಿನ ಹೆಣ್ಣುಮಕ್ಕಳು ಉಸಿರಾಡಿದ್ದೂ ಅದೇ ಗಾಳಿ. ರೋಗ ಅಂಟುವುದಿಲ್ಲ ಎಂದು ನಂಬಿದ ವೈದ್ಯರ ಮಾತಿನ ಮೇಲೆ ಇಡೀ ಊರು ಬಾಗಿಲು ತೆರೆದಿತ್ತು. ಇದನ್ನು ನೆನೆದರೆ ನನಗೆ ರೋಗಿಗಳ ಮೇಲೆ ಸಿಟ್ಟು ಬರುವುದಿಲ್ಲ, ಅಷ್ಟು ಖಚಿತವಾಗಿ ಮಾತನಾಡಿದ ವೈದ್ಯಶಾಸ್ತ್ರದ ಮೇಲೆ ಬರುತ್ತದೆ.

ಎಲ್ಲ ಸೇರಿಸಿ ನೋಡಿದರೂ ಬೆಚ್ಚನೆಯ ಊರುಗಳಲ್ಲಿ ನನ್ನ ಮೊದಲ ಆಯ್ಕೆ ಮೆಂಟೋನೇ. ಕಾರಣ ನಿಂಬೆಯಲ್ಲ, ರೈಲು. ಲಂಡನ್ನಿನಿಂದ ಒಂದೆರಡು ದಿನದ ದಾರಿ. ಅಮ್ಮನೋ ಅಣ್ಣನೋ ಬಂದು ಹೋಗಬಹುದು, ಸರಿ ಬರದಿದ್ದರೆ ಹಿಂತಿರುಗಬಹುದು.

ಇಟಲಿ, ಮಯೋರ್ಕಾ

ಇವೆರಡನ್ನೂ 1875ರ ರೋಗಿಗೆ ನಾನು ಶಿಫಾರಸು ಮಾಡುವುದಿಲ್ಲ. ಕೀಟ್ಸ್ 1820ರ ಸೆಪ್ಟೆಂಬರಿನಲ್ಲಿ ಹಡಗು ಹತ್ತಿ, ಅಕ್ಟೋಬರ್ 21ರಂದು ನೇಪಲ್ಸ್ ತಲುಪಿ, ಬಂದರಿನಲ್ಲಿ ಅಂಟುರೋಗದ ಭಯಕ್ಕೆ ಹತ್ತು ದಿನ ಹಡಗಿನಲ್ಲೇ ದಿಗ್ಬಂಧನದಲ್ಲಿದ್ದು, ರೋಮ್ ಸೇರುವ ಹೊತ್ತಿಗೆ ನವೆಂಬರ್ ಅರ್ಧ ಮುಗಿದಿತ್ತು. ಅಲ್ಲಿ ಚಿಕಿತ್ಸೆ ಮಾಡಿದವನು ಬೇರೆ ಯಾರೂ ಅಲ್ಲ, ಇದೇ ಜೇಮ್ಸ್ ಕ್ಲಾರ್ಕ್, ಆಗಿನ್ನೂ ಮೂವತ್ತೆರಡರ ವೈದ್ಯ. ತೊಂದರೆ ಮುಖ್ಯವಾಗಿ ಹೊಟ್ಟೆಯದು ಎಂದು ಮೊದಲು ಭಾವಿಸಿ, ರಕ್ತ ತೆಗೆದು, ದಿನಕ್ಕೆ ಒಂದು ಪುಟ್ಟ ಮೀನು, ಒಂದು ತುಂಡು ಬ್ರೆಡ್ಡಿನ ಪಥ್ಯ ಹಾಕಿದ. ಕೀಟ್ಸ್ 1821ರ ಫೆಬ್ರವರಿ 23ರಂದು ಸತ್ತಾಗ ವಯಸ್ಸು 25. ಕಾನೂನಿನಂತೆ ಕೋಣೆಯ ಪೀಠೋಪಕರಣಗಳನ್ನು ಸುಟ್ಟರು. ಕ್ಲಾರ್ಕ್ ಎಂಟು ವರ್ಷದ ನಂತರ ಬರೆದ ಎಚ್ಚರಿಕೆಯ ಹಿಂದೆ ಕೀಟ್ಸನ ಈ ಮರಣಶಯ್ಯೆಯೂ ಇದ್ದಿರಬಹುದು ಎಂದು ನನಗನಿಸುತ್ತದೆ.

ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಸಂಗೀತಗಾರ ಶೋಪ್ಯಾನ್ 1838ರ ಚಳಿಗಾಲವನ್ನು ಮಳೆಯಲ್ಲಿ ನೆನೆಯುತ್ತ ಕಳೆದ. ರೋಗದ ಸುದ್ದಿ ತಿಳಿದ ಮನೆಯೊಡೆಯ ಹೊರಹಾಕಿದ, ಹಾಸಿಗೆಯ ನಷ್ಟವನ್ನೂ ವಸೂಲಿ ಮಾಡಿದ. ವಾಲ್ದೆಮೋಸಾದ ಹಳೆಯ ಮಠದ ತಣ್ಣನೆಯ ಕೋಣೆಯೇ ಗತಿಯಾಯಿತು.

ಇಟಲಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಇಂಗ್ಲೆಂಡಿನ ಟಾರ್ಕೀಯ ಕಡಲತೀರದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ 1846ರಲ್ಲಿ ಗಂಡ ರಾಬರ್ಟ್ ಬ್ರೌನಿಂಗ್ ಜೊತೆ ಪೀಸಾಕ್ಕೆ, ನಂತರ ಫ್ಲಾರೆನ್ಸಿಗೆ ಹೋಗಿ ಎದ್ದು ಓಡಾಡಿದಳು, ಮಗನನ್ನು ಹೆತ್ತಳು, 1861ರವರೆಗೆ ಬದುಕಿದಳು. ಅದು ಹವೆಯ ಗುಣವೋ, ಕಟ್ಟಿಹಾಕಿದ್ದ ತಂದೆಯ ಮನೆಯಿಂದ ಪ್ರೀತಿಯ ಮನೆಗೆ ಬಂದದ್ದರ ಗುಣವೋ ಬೇರ್ಪಡಿಸಲಾಗದು. ಜೊತೆಗಿರುವವರು ಯಾರು ಎಂಬ ಪ್ರಶ್ನೆಯನ್ನು ನಾನು ಅಳತೆಗೋಲುಗಳಲ್ಲಿ ಸೇರಿಸಿದ್ದು ಇದಕ್ಕೇ.

ಈಜಿಪ್ಟ್

ಒಣ ಹವೆಗೆ ಈಜಿಪ್ಟಿಗೆ ಸಮನಿಲ್ಲ. ಲಕ್ಸರಿನಲ್ಲಿ ಮಳೆಯೆಂಬುದೇ ಅಪರೂಪ. ಕೈರೋವರೆಗೆ ಹಡಗು ಮತ್ತು ರೈಲು, ಅಲ್ಲಿಂದ ದಹಬಿಯಾ ಎಂಬ ಹಾಯಿದೋಣಿಯನ್ನು ಅಂಬಿಗರು, ಅಡುಗೆಯವನು, ದುಭಾಷಿ ಸಮೇತ ತಿಂಗಳುಗಟ್ಟಲೆ ಬಾಡಿಗೆಗೆ ಹಿಡಿಯಬೇಕು. ಇದು ಸಿರಿವಂತರ ಆಯ್ಕೆ. ಬೇಸಿಗೆಯಲ್ಲಿ ಹೆಚ್ಚಿನವರು ಇರಲಾರರು, ಆದ್ದರಿಂದ ಪ್ರತಿವರ್ಷ ಎರಡು ದೀರ್ಘ ಪ್ರಯಾಣ.

ಲೂಸಿ ಡಫ್ ಗಾರ್ಡನ್ ಎಂಬ ಇಂಗ್ಲಿಷ್ ಮಹಿಳೆ ಮೊದಲು ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ಗೆ, ಆಮೇಲೆ ಈಜಿಪ್ಟಿಗೆ ಬಂದು, ಲಕ್ಸರಿನ ಪುರಾತನ ದೇಗುಲದ ಮೇಲೆ ಕಟ್ಟಿದ್ದ ಹಳೆಯ ಮನೆಯಲ್ಲಿ ಬೇಸಿಗೆಯನ್ನೂ ಕಳೆದಳು. ಅರಬ್ಬಿ ಕಲಿತಳು, ಹಳ್ಳಿಯವರಿಗೆ ಔಷಧಿ ಕೊಟ್ಟಳು, ರೈತರ ಮೇಲಿನ ಬಿಟ್ಟಿ ದುಡಿಮೆಯ ಹೇರಿಕೆಯನ್ನು ಕಂಡು ಪತ್ರಗಳಲ್ಲಿ ಖಂಡಿಸಿದಳು. ಗಂಡ ಮತ್ತು ಕಿರಿಯ ಮಕ್ಕಳು ಹೆಚ್ಚಿನ ಕಾಲ ಇಂಗ್ಲೆಂಡಿನಲ್ಲಿದ್ದರು. 1869ರಲ್ಲಿ ಕೈರೋದಲ್ಲಿ ತೀರಿಕೊಂಡಾಗ ಆಕೆಗೆ 48. ಬಹುಶಃ ಕೆಲವು ವರ್ಷ ಹೆಚ್ಚಿಗೆ ಸಿಕ್ಕವು, ಆದರೆ ಅವು ಹೆಚ್ಚಾಗಿ ಕಿರಿಯ ಮಕ್ಕಳಿಂದ ದೂರವಿದ್ದ ವರ್ಷಗಳು. ನಿಮ್ಮ ಮನೆಯ ರೋಗಿ ಎಳೆಯ ಮಕ್ಕಳ ತಾಯಿಯಾಗಿದ್ದರೆ ಈ ವಿನಿಮಯವನ್ನು ಆಕೆಯನ್ನೇ ಕೇಳಿ ನಿರ್ಧರಿಸಬೇಕು.

ಒಂದು ವರ್ಗದವರಿಗೆ ಮಾತ್ರ ಈಜಿಪ್ಟ್ ನಿಜಕ್ಕೂ ಉಪಕಾರಿ. ಎದೆಗೆ ಕಿವಿಗೊಟ್ಟು ರೋಗ ಗುರುತಿಸುತ್ತಿದ್ದ ಆ ಕಾಲದಲ್ಲಿ ಕ್ಷಯವೆಂದು ಹೆಸರಿಟ್ಟ ಎಲ್ಲವೂ ಕ್ಷಯವಾಗಿರಲಿಲ್ಲ. ಹಳೆಯ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ), ಅಸ್ತಮಾ ಇದ್ದವರು ಲಂಡನ್ನಿನ ಕಲ್ಲಿದ್ದಲ ಹೊಗೆ ಮತ್ತು ಮಂಜಿನಿಂದ ಪಾರಾದರೆ ಸಾಕು, ಉಸಿರು ಹಗುರವಾಗುತ್ತಿತ್ತು. ವರ್ಷಗಟ್ಟಲೆ ಪ್ರತಿ ಚಳಿಗಾಲದಲ್ಲೂ ಕೆಮ್ಮು, ಆದರೆ ರಕ್ತವಿಲ್ಲ, ಮೈ ಇಳಿದಿಲ್ಲ ಎನ್ನುವ ವಯಸ್ಸಾದವರು ಧಾರಾಳವಾಗಿ ಹೋಗಬಹುದು.

ಹಿಮದ ದಾವೋಸ್, ದೀರ್ಘ ಹಡಗುಯಾನ

1860ರ ದಶಕದಲ್ಲಿ ಇಡೀ ಸಲಹೆ ತಿರುಗಿಬಿದ್ದಿತು. ಸ್ವಿಟ್ಜರ್ಲೆಂಡಿನಲ್ಲಿ ಸುಮಾರು 1,560 ಮೀಟರ್ ಎತ್ತರದ ದಾವೋಸ್ ಹಳ್ಳಿಗೆ 1865ರ ಫೆಬ್ರವರಿಯ ಹಿಮದಲ್ಲಿ ಇಬ್ಬರು ರೋಗಿಗಳು ಬಂದರು, ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬ ವೈದ್ಯ ಅವರನ್ನು ನೋಡಿಕೊಂಡ, ಇಬ್ಬರೂ ಸುಧಾರಿಸಿದರು. ಬೆಚ್ಚನೆಯ ಹವೆಯೇ ಮದ್ದು ಎಂಬ ಶತಮಾನದ ನಂಬಿಕೆಗೆ ಎದುರಾಗಿ ಚಳಿಯ ಹವೆಯೇ ಮದ್ದು ಎಂಬ ಹೊಸ ನಂಬಿಕೆ ಹುಟ್ಟಿತು. ಅದೇ ಶತಮಾನದಲ್ಲಿ ಮದ್ರಾಸಿನ ಇಂಗ್ಲಿಷ್ ಅಧಿಕಾರಿಗಳು ಬಯಲಿನ ಬಿಸಿಲಿನಿಂದ ತಪ್ಪಿಸಿಕೊಂಡು ಆರೋಗ್ಯಕ್ಕಾಗಿ ನೀಲಗಿರಿ ಏರುತ್ತಿದ್ದುದನ್ನು ಇಲ್ಲಿ ನೆನೆಯಬಹುದು.

ದಾವೋಸಿನ ಮೇಲುಗೈ ಇದ್ದದ್ದು ಶಿಸ್ತಿನಲ್ಲಿ. ಹಾಲು, ಮಾಂಸ, ವಿಶ್ರಾಂತಿ, ದಿನವೂ ವೈದ್ಯರ ಕಣ್ಣು. ಸಾಹಿತ್ಯ ವಿಮರ್ಶಕ ಜಾನ್ ಆಡಿಂಗ್ಟನ್ ಸಿಮಂಡ್ಸ್ 1877ರಲ್ಲಿ ಹೋಗಿ ಹದಿನಾರು ವರ್ಷ ಬದುಕಿದ. 1875ರಲ್ಲಿ ರೈಲು ದಾವೋಸ್ ಮುಟ್ಟಿಲ್ಲ, ಕಣಿವೆಯಿಂದ ಕುದುರೆಗಾಡಿಯಲ್ಲಿ ಏರಬೇಕು. ಅದು 1890ರವರೆಗೂ ಹಾಗೆಯೇ. ಎದೆಯಲ್ಲಿ ಒಂದಿಷ್ಟು ಶಕ್ತಿಯಿರುವ, ಒಬ್ಬಂಟಿಯಾಗಿ ಇರಬಲ್ಲ ಯುವಕರಿಗೆ ಮೆಂಟೋನಿನಷ್ಟೇ ಇದೂ ಸರಿ.

ಆಸ್ಟ್ರೇಲಿಯಾಕ್ಕೆ ಮೂರು ತಿಂಗಳ ಹಾಯಿಹಡಗಿನ ಯಾನವನ್ನೂ ವೈದ್ಯರು ಬರೆದುಕೊಡುತ್ತಿದ್ದರು. ಒದ್ದೆ ಕೋಣೆ, ಉಪ್ಪುಮಾಂಸ, ಸಮಭಾಜಕದ ಬೇಗೆ, ನಡುವೆ ಇಳಿಯುವ ದಾರಿಯಿಲ್ಲ. ಬೇಡ.

ಇಂಗ್ಲೆಂಡ್ ಬಿಡದೆ

ವೆಂಟ್ನರ್ ಇಂಗ್ಲೆಂಡಿನ ದಕ್ಷಿಣಕ್ಕಿರುವ ವೈಟ್ ದ್ವೀಪದ ದಕ್ಷಿಣ ತೀರದಲ್ಲಿದೆ, ಬೆನ್ನಿಗೆ ಗುಡ್ಡ, ಮುಖ ಸಮುದ್ರಕ್ಕೆ. ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯ ತನ್ನ ಶ್ವಾಸಕೋಶದ ಕಾಯಿಲೆಗೆ ಅಲ್ಲಿಗೆ ಹೋಗಿ, ಚೇತರಿಸಿಕೊಂಡು, 1860ರ ದಶಕದ ಕೊನೆಯಲ್ಲಿ ಕ್ಷಯರೋಗಿಗಳಿಗೆ ಆಸ್ಪತ್ರೆ ಸ್ಥಾಪಿಸಿದ. ದೊಡ್ಡ ವಾರ್ಡುಗಳಿಲ್ಲ, ಸಾಲು ಮನೆಗಳು, ಒಬ್ಬೊಬ್ಬ ರೋಗಿಗೂ ದಕ್ಷಿಣಕ್ಕೆ ತೆರೆಯುವ ಪ್ರತ್ಯೇಕ ಕೋಣೆ. ಅಂಟುವಿಕೆಯ ಅರಿವಿಲ್ಲದ ಕಾಲದಲ್ಲಿ ಈ ಪ್ರತ್ಯೇಕ ಕೋಣೆ ದೊಡ್ಡ ವಿಷಯ. ಗುಮಾಸ್ತರು, ಶಾಲಾ ಶಿಕ್ಷಕಿಯರು, ಅಂಗಡಿಯ ಕೆಲಸದವರಿಗೆ ಕೈಗೆಟುಕುವ ಆಯ್ಕೆಯೆಂದರೆ ಇದೊಂದೇ, ಮತ್ತು ಹವೆಯಲ್ಲಿ ಕಳೆದುಕೊಳ್ಳುವುದನ್ನು ಶುಶ್ರೂಷೆಯಲ್ಲಿ ಮರಳಿ ಪಡೆಯುತ್ತಾರೆ.

ಮನೆಯಲ್ಲೇ ಉಳಿಯುವ ಆಯ್ಕೆಯನ್ನು 1875ರಲ್ಲಿ ಬಡವರ ಪಾಡು ಎಂದೇ ಎಣಿಸುತ್ತಿದ್ದರು. ಅದಕ್ಕೆ ನ್ಯಾಯ ಸಿಕ್ಕಿದ್ದು 1959ರಲ್ಲಿ, ಮದ್ರಾಸಿನಲ್ಲಿ. ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರ 193 ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಕಿಕ್ಕಿರಿದ ಮನೆಗಳಲ್ಲೇ ಅವೇ ಔಷಧಿಗಳನ್ನು ಕೊಟ್ಟಿತು. ಮನೆಯಲ್ಲಿದ್ದ ರೋಗಿಗಳಿಗೆ ಊಟ ಕಡಿಮೆ, ವಿಶ್ರಾಂತಿ ಕಡಿಮೆ, ಗಾಳಿ ಬೆಳಕು ಕಡಿಮೆ. ಒಂದು ವರ್ಷದ ನಂತರ ಎರಡೂ ಗುಂಪುಗಳ ಗುಣಮುಖದ ಪ್ರಮಾಣ ಹೆಚ್ಚುಕಡಿಮೆ ಒಂದೇ. ಔಷಧವಿಲ್ಲದ 1875ಕ್ಕೆ ಈ ಫಲಿತಾಂಶವನ್ನು ನೇರವಾಗಿ ಅನ್ವಯಿಸಲಾಗದು. ಆದರೆ ಹಣವಿಲ್ಲದೆ ಮನೆಯಲ್ಲೇ ಉಳಿಸಿಕೊಂಡವರು ತಮ್ಮವರನ್ನು ಕೈಬಿಟ್ಟಂತೆ ಎಂಬ ಆರೋಪಕ್ಕೆ ಆಧಾರವಿರಲಿಲ್ಲ ಎನ್ನಲು ಇಷ್ಟು ಸಾಕು.

ನಿರ್ಧಾರ

ಮೊದಲು ಊರಲ್ಲ, ರೋಗದ ಹಂತವನ್ನು ನೋಡಿ. ಕೆಮ್ಮು ಹೊಸದು, ನಡೆದಾಡುವ ಶಕ್ತಿಯಿದೆ, ಮೂರು ನಾಲ್ಕು ಚಳಿಗಾಲಕ್ಕೆ ಆಗುವಷ್ಟು ಹಣವಿದೆ, ಜೊತೆಗೆ ಬರುವವರಿದ್ದಾರೆ: ಮೆಂಟೋನ್. ಒಬ್ಬಂಟಿ ಯುವಕ, ಚಳಿಗೆ ಹೆದರುವುದಿಲ್ಲ: ದಾವೋಸ್. ಹಳೆಯ ಬ್ರಾಂಕೈಟಿಸ್ ಇರುವ ಅನುಕೂಲಸ್ಥರು: ಈಜಿಪ್ಟ್. ಮದೀರಾವನ್ನು ಒಣ ಕೆಮ್ಮು ವಿಪರೀತ ಇರುವ, ಶೀತೋಷ್ಣದ ಏರಿಳಿತ ತಡೆಯದ, ಮನೆಮಂದಿಯೆಲ್ಲ ಜೊತೆಗೆ ಹೊರಡಬಲ್ಲವರಿಗೆ ಮಾತ್ರ ಬಿಡುತ್ತೇನೆ. ಒಂದೇ ಚಳಿಗಾಲಕ್ಕೆ ಆಗುವಷ್ಟು ಹಣವಿದ್ದರೆ ಅದನ್ನು ಹಡಗಿಗೆ ಸುರಿಯಬೇಡಿ. ವೆಂಟ್ನರ್‌ಗೆ ಅರ್ಜಿ ಹಾಕಿ. ಸಾಲ ಮಾಡಿ ಹೋಗುವ ಯೋಚನೆಯಿದ್ದರೆ ಎಲ್ಲಿಗೂ ಬೇಡ, ಏಕೆಂದರೆ ಉಳಿದ ಮಕ್ಕಳ ಊಟಕ್ಕೆ ಕೊರತೆಯಾದರೆ ಮುಂದಿನ ರೋಗಿ ಆ ಮನೆಯಲ್ಲೇ ತಯಾರಾಗುತ್ತಾನೆ.

ಕಫದಲ್ಲಿ ಪದೇ ಪದೇ ರಕ್ತ, ಮೈ ಕರಗಿದೆ, ಮೆಟ್ಟಿಲು ಹತ್ತಲಾರರು ಎಂದಾದರೆ ಯಾವ ವೈದ್ಯ ಹೇಳಿದರೂ ಪೆಟ್ಟಿಗೆ ಕಟ್ಟಬೇಡಿ. ಆ ಹಣದಲ್ಲಿ ಬಿಸಿಲು ಬೀಳುವ ಕೋಣೆಯೊಂದನ್ನು ಅವರಿಗೇ ಬಿಟ್ಟುಕೊಡಿ, ಕಿಟಕಿ ತೆರೆದಿಡಿ, ಹಾಲು ಮೊಟ್ಟೆ ತರಿಸಿ, ಕಫಕ್ಕೆ ಮುಚ್ಚಳವಿರುವ ಬಟ್ಟಲಿಟ್ಟು ಅದನ್ನು ದಿನವೂ ಬೆಂಕಿಗೆ ಸುರಿಯಿರಿ, ಚಿಕ್ಕ ಮಕ್ಕಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಮತ್ತು ರಾತ್ರಿ ಪಾಳಿಗೆ ಒಬ್ಬ ನರ್ಸನ್ನು ಗೊತ್ತು ಮಾಡಿ.